ಸೇವೆ ಮುಗಿಸಿದ ವೀಕ್ಷಣಾ ವಿಮಾನ: ಪಡೆಯುವಿಕೆ ಮತ್ತು ಸಂರಕ್ಷಣೆ

ಮೈಸೂರು ಜಿಲ್ಲೆಯ ನೆರೆಹೊರೆಯ ತಾಲ್ಲೂಕುಗಳಾದ ನಂಜನಗೂಡು ಮತ್ತು ತಿರುಮಕೂಡಲು ನರಸೀಪುರಗಳಲ್ಲಿ ಸೇನಾನಾಯಕರ ಹೆಸರಿನೊಡನೆ ಸೇರಿಕೊಂಡ ಎರಡು ನಿರ್ಮಾಣಗಳು ಇಂದಿಗೂ ನಿಂತಿವೆ. ನಂಜನಗೂಡಿನಲ್ಲಿ ಕಪಿಲಾ ನದಿಗೆ ಅಡ್ಡಲಾಗಿರುವ ಹಳೆಯ ಸೇತುವೆಯನ್ನು 1735ರ ವೇಳೆಗೆ ದಳವಾಯಿ ದೇವರಾಜಯ್ಯನು ಕಟ್ಟಿಸಿದನೆಂದು ಹೇಳಲಾಗುತ್ತದೆ. ಒಂದು ಕಾಲಕ್ಕೆ ರೈಲೂ ರಸ್ತೆಯೂ ಒಟ್ಟಾಗಿ ಸಾಗುತ್ತಿದ್ದ ಈ ಸೇತುವೆಯು ಇಂದು ಪಾರಂಪರಿಕ ರಚನೆಯೆಂಬ ಮನ್ನಣೆ ಪಡೆದು ವಿಶ್ರಾಂತಿಯಲ್ಲಿದೆ. ನರಸೀಪುರ ತಾಲ್ಲೂಕಿನ ಸೋಮನಾಥಪುರದ ಕೇಶವ ದೇವಾಲಯವು ಹೊಯ್ಸಳ ಮೂರನೆಯ ನರಸಿಂಹನ ದಂಡನಾಯಕ ಸೋಮನಾಥನ ಕೊಡುಗೆ. ಹದಿಮೂರನೆಯ ಶತಮಾನದ ಈ ಕಟ್ಟಡವು 2023ರಲ್ಲಿ ಬೇಲೂರು, ಹಳೇಬೀಡುಗಳೊಡನೆ ವಿಶ್ವಪರಂಪರೆಯ ಪಟ್ಟಿಯನ್ನೂ ಸೇರಿತು. ಇವುಗಳನ್ನು ಕೆಡವಬೇಕೆಂದು ಯಾರೂ ಇಂದು ಯೋಚಿಸುವಂತಿಲ್ಲ. ಅವುಗಳ ಹಿಂದೆ ಕಾನೂನೂ ಇಲಾಖೆಯೂ ಲೋಕಾಭಿಪ್ರಾಯವೂ ನಿಂತಿವೆ.

ಸೇನೆಗೆ ಸಂಬಂಧಪಟ್ಟ ಇನ್ನೊಂದು ಬಗೆಯ ವಸ್ತುವಿಗೆ ಈ ಭಾಗ್ಯವಿಲ್ಲ. ಇಪ್ಪತ್ತನೆಯ ಶತಮಾನದ ರಕ್ಷಣಾ ಇತಿಹಾಸದ ಬಹುಭಾಗವು ಕಲ್ಲಿನಲ್ಲಿ ಇಲ್ಲ. ಅಲ್ಯುಮಿನಿಯಂ, ಉಕ್ಕು, ರಬ್ಬರು, ಬಟ್ಟೆ ಮತ್ತು ತಂತಿಗಳಲ್ಲಿದೆ. 1972ರ ಪುರಾವಸ್ತು ಮತ್ತು ಕಲಾನಿಧಿ ಅಧಿನಿಯಮದ ಪ್ರಕಾರ ಒಂದು ವಸ್ತುವು ಪುರಾವಸ್ತು ಎನಿಸಬೇಕಾದರೆ ಅದಕ್ಕೆ ನೂರು ವರ್ಷ ತುಂಬಿರಬೇಕು. ಹಸ್ತಪ್ರತಿ, ದಾಖಲೆಗಳಿಗೆ ಮಾತ್ರ ಎಪ್ಪತ್ತೈದು ವರ್ಷ. ಸ್ಮಾರಕಗಳಿಗೆ ಸಂಬಂಧಿಸಿದ 1958ರ ಕೇಂದ್ರ ಕಾಯಿದೆಯ ಅಳತೆಯೂ ನೂರು ವರ್ಷವೇ. 1988ರಲ್ಲಿ ಭಾರತಕ್ಕೆ ಬಂದ ವಿಮಾನವೊಂದು ಈ ವಯಸ್ಸನ್ನು ಮುಟ್ಟುವುದು 2080ರ ದಶಕದಲ್ಲಿ. ಅಲ್ಲಿಯವರೆಗೆ ಅದನ್ನು ಕಾಯುವುದು ಕೊಟ್ಟವರು ಮತ್ತು ಪಡೆದವರ ನಡುವಿನ ಒಂದು ಒಪ್ಪಂದಪತ್ರ ಹಾಗೂ ಪ್ರತಿವರ್ಷ ಮಂಜೂರಾಗಬೇಕಾದ ನಿರ್ವಹಣಾ ಹಣ, ಇವೆರಡೇ. ಆದ್ದರಿಂದ ವಿಮಾನವನ್ನು ಪಡೆಯುವ ವಿಚಾರ ಮತ್ತು ಉಳಿಸುವ ವಿಚಾರ ಬೇರೆ ಬೇರೆಯಲ್ಲ. ಉಳಿಸುವ ಕ್ರಮವು ಪಡೆಯುವ ಪತ್ರದಲ್ಲಿಯೇ ನಿಶ್ಚಯವಾಗಬೇಕಾಗುತ್ತದೆ. ಕರ್ನಾಟಕದಲ್ಲಿ ಇದಕ್ಕೆ ಉದಾಹರಣೆ ಕಾರವಾರದ ಟುಪೊಲೆವ್ ವಿಮಾನ.

ವೀಕ್ಷಣಾ ವಿಮಾನದ ಎರಡು ರೂಪಗಳು

ಸೈನಿಕ ವಿಮಾನದ ಮೊದಲ ಉದ್ಯೋಗವು ಬಾಂಬು ಹಾಕುವುದಾಗಿರಲಿಲ್ಲ, ನೋಡಿ ಬಂದು ಹೇಳುವುದಾಗಿತ್ತು. ಭೂಸೇನೆಯಲ್ಲಿ ಈ ಕೆಲಸವು ಫಿರಂಗಿದಳದೊಡನೆ ಬೆಳೆಯಿತು. ಗುಡ್ಡದ ಆಚೆ ಬಿದ್ದ ಗುಂಡು ಗುರಿಗಿಂತ ಎಷ್ಟು ದೂರ ಬಿದ್ದಿತೆಂಬುದನ್ನು ಮೇಲಿನಿಂದ ಕಂಡು ರೇಡಿಯೋ ಮೂಲಕ ತಿಳಿಸುವ ಸಣ್ಣ, ನಿಧಾನಗತಿಯ ವಿಮಾನಗಳು ಇದಕ್ಕೆ ಬೇಕಾಗಿದ್ದವು. ಹೊಲದಂತಹ ನೆಲದಿಂದಲೂ ಅವು ಮೇಲೇರಬೇಕಾಗಿತ್ತು. ಅವನ್ನು ನಡೆಸುವವರು ಫಿರಂಗಿಯ ಲೆಕ್ಕಾಚಾರ ಬಲ್ಲ ಅಧಿಕಾರಿಗಳಾಗಿರಬೇಕಾಗಿತ್ತು. ಸ್ವತಂತ್ರ ಭಾರತವು ಬ್ರಿಟಿಷ್ ನಿರ್ಮಾಣದ ಆಸ್ಟರ್ ವಿಮಾನಗಳಿಂದ ಈ ಸೇವೆಯನ್ನು ನಡೆಸಿತು. ಅವುಗಳ ಸ್ಥಾನಕ್ಕೆ ಸ್ವದೇಶಿ ವಿಮಾನವೊಂದನ್ನು ರೂಪಿಸಿದ್ದು ಬೆಂಗಳೂರಿನ ಹಿಂದೂಸ್ಥಾನ್ ವಿಮಾನ ಕಾರ್ಖಾನೆ. 1940ರಲ್ಲಿ ಮೈಸೂರು ಸಂಸ್ಥಾನದ ಸಹಭಾಗಿತ್ವದಲ್ಲಿ ವಾಲ್‌ಚಂದ್ ಹೀರಾಚಂದರು ಆರಂಭಿಸಿದ ಈ ಕಾರ್ಖಾನೆಯಲ್ಲಿ ವಿ. ಎಂ. ಘಾಟಗೆಯವರ ನೇತೃತ್ವದ ವಿನ್ಯಾಸ ವಿಭಾಗವು ಪುಷ್ಪಕ್ ಎಂಬ ಹಗುರ ವಿಮಾನವನ್ನು ಹಿಗ್ಗಿಸಿ ‘ಕೃಷಕ್’ ಎಂಬುದನ್ನು ಸಿದ್ಧಪಡಿಸಿತು. ಅದರ ಮೊದಲ ಹಾರಾಟ 1959ರ ನವೆಂಬರಿನಲ್ಲಿ. ಗುಂಡಿನ ಗುರಿ ನೋಡುವ ವಿಮಾನಕ್ಕೆ ಬೇಸಾಯಗಾರನ ಹೆಸರು ಸಂದದ್ದು ವಿನೋದದ ಸಂಗತಿಯೇ ಸರಿ.

ಸೇನೆಗಾಗಿ ಸುಮಾರು 68 ಕೃಷಕ್ ವಿಮಾನಗಳು ತಯಾರಾದವು. 1970ರ ದಶಕದ ನಡುವೆ ಅವು ನಿವೃತ್ತಿ ಹೊಂದಿದವು. ಅವುಗಳ ಕೆಲಸ ಹೆಲಿಕಾಪ್ಟರುಗಳಿಗೆ ಹೋಯಿತು. 1986ರಲ್ಲಿ ಭೂಸೇನೆಯ ಸ್ವಂತ ವಾಯುಯಾನ ದಳವು ಸ್ಥಾಪನೆಯಾಗುವ ಹೊತ್ತಿಗೆ ಕೃಷಕ್ ನೆನಪಿನ ವಸ್ತುವಾಗಿತ್ತು. ಕನ್ನಡ ನೆಲದಲ್ಲಿ ರೂಪುಗೊಂಡ ಏಕಮಾತ್ರ ಫಿರಂಗಿ ವೀಕ್ಷಣಾ ವಿಮಾನ ಇದಾಗಿದ್ದರೂ ಇಂದು ಉಳಿದಿರುವವು ಬೆರಳೆಣಿಕೆಯಷ್ಟು. ಇದಕ್ಕೆ ಕಾರಣ ಕೇವಲ ಅನಾದರವಲ್ಲ. ಉಕ್ಕಿನ ಕೊಳವೆಗಳ ಹಂದರದ ಮೇಲೆ ಬಟ್ಟೆ ಹೊದಿಸಿ ಮಾಡಿದ ಒಡಲು ಬಯಲಿನಲ್ಲಿ ಕೆಲವೇ ವರ್ಷ ಬಾಳುತ್ತದೆ. ಬಟ್ಟೆ ಬಿಸಿಲಿಗೆ ಪಿಸಿಯುತ್ತದೆ. ಕೊಳವೆ ಒಳಗಿನಿಂದ ತುಕ್ಕು ಹಿಡಿಯುವುದರಿಂದ ಹೊರಗೆ ಬಣ್ಣ ಚೆನ್ನಾಗಿದ್ದಾಗಲೇ ಕುಸಿಯಬಹುದು. ಅಂತಹ ವಿಮಾನಕ್ಕೆ ಸೂರು ಅನಿವಾರ್ಯ. ಬೆಂಗಳೂರಿನಲ್ಲಿ ಎಚ್‌ಎಎಲ್ ಸಂಸ್ಥೆಯ ಪಾರಂಪರಿಕ ವಸ್ತುಸಂಗ್ರಹಾಲಯವು ತೆರೆದದ್ದು 2001ರಲ್ಲಿ. ಕೃಷಕ್ ಸೇವೆಯಿಂದ ಹೋಗಿ ಅಷ್ಟರಲ್ಲಿ ಕಾಲು ಶತಮಾನ ಕಳೆದಿತ್ತು.

ವೀಕ್ಷಣೆಯ ಎರಡನೆಯ ರೂಪ ಕಡಲಿನದು. ಇಲ್ಲಿ ನೋಡಬೇಕಾದ ಕ್ಷೇತ್ರ ಗುಡ್ಡದ ಆಚೆಯ ಕಣಿವೆಯಲ್ಲ, ಸಾವಿರಾರು ಕಿಲೋಮೀಟರ್ ನೀರು. ಹುಡುಕಬೇಕಾದ ವಸ್ತು ಆ ನೀರಿನ ಅಡಿಯ ಜಲಾಂತರ್ಗಾಮಿ. ಸೋವಿಯತ್ ನಿರ್ಮಾಣದ ಟುಪೊಲೆವ್ 142 ಎಂ ಈ ಕಾರ್ಯಕ್ಕಾಗಿಯೇ ಹುಟ್ಟಿದ ದೈತ್ಯ. ಅದರ ಉದ್ದ ಸುಮಾರು 53 ಮೀಟರು, ರೆಕ್ಕೆಗಳ ಹರವು ಸುಮಾರು 50 ಮೀಟರು. ನಾಲ್ಕು ಎಂಜಿನುಗಳಲ್ಲಿ ಒಂದೊಂದಕ್ಕೂ ಪರಸ್ಪರ ವಿರುದ್ಧ ದಿಕ್ಕಿನಲ್ಲಿ ತಿರುಗುವ ಜೋಡಿ ಪ್ರೊಪೆಲರುಗಳಿವೆ. ಸಮುದ್ರಕ್ಕೆ ಶಬ್ದಗ್ರಾಹಕ ತೇಲುಗಳನ್ನು ಬೀಳಿಸಿ, ಅವು ಕಳುಹಿಸುವ ಸಂಕೇತಗಳಿಂದ ನೀರಿನಡಿಯ ಚಲನೆಯನ್ನು ಗುರುತಿಸುವುದು ಇದರ ಮುಖ್ಯ ವಿಧಾನವಾಗಿತ್ತು. ಭಾರತೀಯ ನೌಕಾಪಡೆಯು ಇಂತಹ ಎಂಟು ವಿಮಾನಗಳನ್ನು ಪಡೆಯಿತು. 1988ರ ಮಾರ್ಚಿನಲ್ಲಿ ಅವು ಗೋವೆಯ ಐಎನ್‌ಎಸ್ ಹಂಸ ನೆಲೆಯಲ್ಲಿ ಸೇವೆಗೆ ಬಂದು, 1992ರಲ್ಲಿ ತಮಿಳುನಾಡಿನ ಅರಕ್ಕೋಣಂ ಬಳಿಯ ಐಎನ್‌ಎಸ್ ರಾಜಾಳಿಗೆ ವರ್ಗವಾದವು. ಐಎನ್‌ಎಎಸ್ 312 ಎಂಬ ದಳ ಅವುಗಳ ಮನೆ. 1988ರ ಮಾಲ್ದೀವ್ ಕಾರ್ಯಾಚರಣೆಯಲ್ಲಿ ಅವು ಪಾಲ್ಗೊಂಡವು. 2013ರಿಂದ ಪಿ-8ಐ ವಿಮಾನಗಳು ಬರತೊಡಗಿದ ಮೇಲೆ ಹಳೆಯವುಗಳ ಅವಧಿ ಮುಗಿಯುತ್ತ ಬಂದು, 2017ರ ಮಾರ್ಚ್ 29ರಂದು ಅರಕ್ಕೋಣಂನಲ್ಲಿ ಅವು ಸೇವೆಯಿಂದ ಬಿಡುಗಡೆ ಹೊಂದಿದವು.

ಕಾರವಾರಕ್ಕೆ ಬಂದ ಬಗೆ

ನಿವೃತ್ತ ವಿಮಾನದ ಮುಂದೆ ಸಾಮಾನ್ಯವಾಗಿ ಮೂರು ದಾರಿಗಳಿರುತ್ತವೆ: ಬಿಡಿಭಾಗಗಳಿಗಾಗಿ ಕಳಚುವುದು, ಗುಜರಿಗೆ ಹರಾಜು ಹಾಕುವುದು, ಪ್ರದರ್ಶನಕ್ಕೆ ಕೊಡುವುದು. ಮೂರನೆಯ ದಾರಿ ತೆರೆಯಬೇಕಾದರೆ ಕೇಳುವವರಿರಬೇಕು. ಟುಪೊಲೆವ್‌ಗಳ ವಿಷಯದಲ್ಲಿ ಮೊದಲು ಕೇಳಿ ಮೊದಲು ಪಡೆದದ್ದು ವಿಶಾಖಪಟ್ಟಣ. ಅಲ್ಲಿಗೆ ಹೋದ ವಿಮಾನವು 2017ರ ಏಪ್ರಿಲಿನಲ್ಲಿ ಸ್ವತಃ ಹಾರಿಕೊಂಡು ಹೋಗಿ ನೌಕಾನೆಲೆಯಲ್ಲಿ ಇಳಿಯಿತು. ಅನಂತರ ಅದನ್ನು ಕಡಲ ರಸ್ತೆಗೆ ಸಾಗಿಸಿ, ಕುರ್ಸುರಾ ಜಲಾಂತರ್ಗಾಮಿ ಸಂಗ್ರಹಾಲಯದ ಎದುರಿಗೆ ನಿಲ್ಲಿಸಲಾಯಿತು. ಅದೇ ವರ್ಷದ ಡಿಸೆಂಬರಿನಲ್ಲಿ ರಾಷ್ಟ್ರಪತಿ ರಾಮನಾಥ್ ಕೋವಿಂದ್ ಅವರು ಅದನ್ನು ಉದ್ಘಾಟಿಸಿದರು. ಹುಡುಕುವ ವಿಮಾನವನ್ನೂ ಹುಡುಕಿಸಿಕೊಳ್ಳುವ ಜಲಾಂತರ್ಗಾಮಿಯನ್ನೂ ಒಂದೇ ರಸ್ತೆಯ ಎರಡು ಬದಿಗಳಲ್ಲಿ ನೋಡುವ ಅನುಕೂಲ ಅಲ್ಲಿನ ಪ್ರೇಕ್ಷಕನಿಗೆ ಒದಗಿತು.

ಕಾರವಾರದ ಪರಿಸ್ಥಿತಿ ಬೇರೆ. ಅಲ್ಲಿನ ರವೀಂದ್ರನಾಥ ಟ್ಯಾಗೋರ್ ಕಡಲತೀರದಲ್ಲಿ ಐಎನ್‌ಎಸ್ ಚಪಲ್ ಎಂಬ ಕ್ಷಿಪಣಿ ನೌಕೆಯು 2006ರಿಂದ ಸಂಗ್ರಹಾಲಯವಾಗಿದೆ. 2005ರಲ್ಲಿ ಕಾರ್ಯಾರಂಭ ಮಾಡಿದ ಕದಂಬ ನೌಕಾನೆಲೆಯೂ ಊರಿನ ಹತ್ತಿರದಲ್ಲಿಯೇ ಇದೆ. ವಿಮಾನವನ್ನು ತರುವ ಬಗ್ಗೆ ನೌಕಾಪಡೆ ಮತ್ತು ಉತ್ತರ ಕನ್ನಡ ಜಿಲ್ಲಾಡಳಿತದ ನಡುವೆ ಒಪ್ಪಂದವಾದದ್ದು 2020ರಲ್ಲಿ. ಆದರೆ ಭಾಗಗಳು ಕಾರವಾರವನ್ನು ತಲುಪಿದ್ದು 2023ರಲ್ಲಿ. ಜೋಡಣೆ ಮುಗಿದು ಸಂಗ್ರಹಾಲಯ ತೆರೆದದ್ದು 2024ರಲ್ಲಿ. ನಿವೃತ್ತಿಯಿಂದ ಪ್ರದರ್ಶನದವರೆಗೆ ಏಳು ವರ್ಷ. ವಿಶಾಖಪಟ್ಟಣದಲ್ಲಿ ಇದೇ ಅಂತರ ಒಂಬತ್ತು ತಿಂಗಳಿಗೂ ಕಡಿಮೆ. ಈ ವ್ಯತ್ಯಾಸವನ್ನು ಕೇವಲ ಕಾಲಹರಣವೆಂದು ಕಾಣುವುದು ಸರಿಯಲ್ಲ, ಆದರೆ ಸಂರಕ್ಷಣೆಯ ದೃಷ್ಟಿಯಿಂದ ಅದು ಮುಖ್ಯ. ಹಾರಾಟ ನಿಂತ ವಿಮಾನವು ನೆಲೆಯ ಒಂದು ಮೂಲೆಯಲ್ಲಿ ನಿಂತಿರುವ ಅವಧಿಯೇ ಅದರ ಲೋಹಕ್ಕೆ ಅಪಾಯದ ಅವಧಿ. ಸೇವೆಯಲ್ಲಿದ್ದಾಗ ದಿನನಿತ್ಯ ಒರಸಿ ಎಣ್ಣೆ ಹಾಕುತ್ತಿದ್ದ ಕೈಗಳು ಆಗ ಬೇರೆಡೆಗೆ ಹೋಗಿರುತ್ತವೆ, ಹೊಸ ಕೈಗಳು ಇನ್ನೂ ಬಂದಿರುವುದಿಲ್ಲ.

ಹಾರಿ ಬರಲಾಗದ ವಿಮಾನವನ್ನು ರಸ್ತೆಯ ಮೂಲಕ ತರುವುದು ಬೇರೆಯೇ ವಿದ್ಯೆ. 50 ಮೀಟರ್ ಹರವಿನ ರೆಕ್ಕೆಯನ್ನು ಯಾವ ಹೆದ್ದಾರಿಯೂ ಹೊರಲಾರದು. ಆದ್ದರಿಂದ ಎಂಜಿನು, ಪ್ರೊಪೆಲರು, ರೆಕ್ಕೆ, ಬಾಲ, ಒಡಲುಗಳನ್ನು ಬೇರ್ಪಡಿಸಿ ಲಾರಿಗಳಲ್ಲಿ ಹೇರಬೇಕಾಯಿತು. ಅರಕ್ಕೋಣಂ ಪೂರ್ವದ ಬಯಲಿನಲ್ಲಿದೆ, ಕಾರವಾರ ಪಶ್ಚಿಮದ ಕಡಲಂಚಿನಲ್ಲಿ. ನಡುವೆ ಘಟ್ಟವನ್ನು ಇಳಿಯದೆ ದಾರಿಯಿಲ್ಲ. ಇಂತಹ ಸಾಗಣೆಯಲ್ಲಿ ಒಂದು ಸೂಕ್ಷ್ಮವಿದೆ. ತಯಾರಕನು ಬಿಚ್ಚಲೆಂದೇ ಇಟ್ಟ ಕೀಲುಗಳಲ್ಲಿ ಕಳಚಿದರೆ ಮತ್ತೆ ಕೂಡಿಸಿದಾಗ ವಿಮಾನವು ಮೊದಲಿನಂತೆಯೇ ಆಗುತ್ತದೆ. ಕೆಲಸ ಸುಲಭವಾಗಲೆಂದು ಗರಗಸ ಹಾಕಿದರೆ ಹೊರನೋಟಕ್ಕೆ ವಿಮಾನ ಉಳಿದರೂ ಅದರ ಒಳಗಿನ ಬಲದ ತೊಲೆ ಶಾಶ್ವತವಾಗಿ ತುಂಡಾಗಿರುತ್ತದೆ, ಮುಂದೆ ಅದನ್ನು ಸ್ಥಳಾಂತರಿಸುವ ಸಾಧ್ಯತೆಯೂ ಕುಗ್ಗುತ್ತದೆ. ಎಲ್ಲೆಲ್ಲಿ ಬಿಚ್ಚಲಾಯಿತು, ಎಲ್ಲೆಲ್ಲಿ ಕತ್ತರಿಸಲಾಯಿತು, ಯಾವ ಬೋಲ್ಟಿನ ಬದಲು ಯಾವುದನ್ನು ಹಾಕಲಾಯಿತು ಎಂಬುದನ್ನು ಚಿತ್ರಸಹಿತ ಬರೆದಿಡುವುದು ಪಡೆಯುವವರ ಮೊದಲ ಕರ್ತವ್ಯವೆನ್ನಬಹುದು.

ಹಸ್ತಾಂತರಕ್ಕೆ ಮುನ್ನ ಕೊಡುವವರು ಮಾಡಬೇಕಾದ ಕೆಲಸವೂ ಇದೆ. ಆಯುಧ, ಸಂಕೇತಲಿಪಿಯ ಉಪಕರಣ ಮತ್ತು ಗೋಪ್ಯ ವಿದ್ಯುನ್ಮಾನಗಳನ್ನು ತೆಗೆಯಲಾಗುತ್ತದೆ. ಇಂಧನ, ಹೈಡ್ರಾಲಿಕ್ ದ್ರವ, ಆಮ್ಲಜನಕದ ಸಿಲಿಂಡರು, ಅಗ್ನಿಶಾಮಕದ ಸಿಡಿಮದ್ದಿನ ಬಿರಡೆ ಇವೆಲ್ಲ ಹೋಗಬೇಕು. ಇನ್ನೂ ಹಳೆಯ ವಿಮಾನಗಳಾದರೆ ಕತ್ತಲಿನಲ್ಲಿ ಹೊಳೆಯುವ ಮಾಪಕಗಳಲ್ಲಿ ರೇಡಿಯಂ ಲೇಪವಿರುತ್ತದೆ. ಶಾಲಾ ಮಕ್ಕಳು ಮುಟ್ಟುವ ಜಾಗದಲ್ಲಿ ಅದನ್ನು ಬಿಡುವಂತಿಲ್ಲ.

ಲೋಹ, ಉಪ್ಪು ಮತ್ತು ನೀರು

ಅಲ್ಯುಮಿನಿಯಂಗೆ ತುಕ್ಕು ಹಿಡಿಯುವುದಿಲ್ಲವೆಂಬ ನಂಬಿಕೆ ಜನಜನಿತ. ಅಡುಗೆಮನೆಯ ಪಾತ್ರೆಗೆ ಅದು ಬಹುಮಟ್ಟಿಗೆ ನಿಜ, ವಿಮಾನಕ್ಕೆ ಅಲ್ಲ. ಶುದ್ಧ ಅಲ್ಯುಮಿನಿಯಂ ಮೆದು. ಅದಕ್ಕೆ ಬಲ ಬರಲೆಂದು ವಿಮಾನದ ಲೋಹದಲ್ಲಿ ಶೇಕಡಾ ನಾಲ್ಕರ ಸುಮಾರಿಗೆ ತಾಮ್ರ ಸೇರಿಸುತ್ತಾರೆ. ಆ ತಾಮ್ರವೇ ಲೋಹಕ್ಷಯಕ್ಕೆ ದಾರಿ ಮಾಡುತ್ತದೆ. ಮೇಲಾಗಿ ವಿಮಾನದಲ್ಲಿ ಅಲ್ಯುಮಿನಿಯಂ ಫಲಕ, ಉಕ್ಕಿನ ಬೋಲ್ಟು, ಮೆಗ್ನೀಸಿಯಂ ಮಿಶ್ರಲೋಹದ ಬಿಡಿಭಾಗಗಳು ಒಂದಕ್ಕೊಂದು ತಗುಲಿಕೊಂಡಿರುತ್ತವೆ. ಉಪ್ಪುನೀರಿನ ಒಂದು ಹನಿ ಇಂತಹ ಸಂದಿನಲ್ಲಿ ಕುಳಿತರೆ ಅಲ್ಲಿ ಸಣ್ಣದೊಂದು ವಿದ್ಯುತ್ಕೋಶವೇ ಏರ್ಪಟ್ಟು, ಎರಡರಲ್ಲಿ ದುರ್ಬಲವಾದ ಲೋಹವು ಕರಗತೊಡಗುತ್ತದೆ. ಹೊರಗೆ ಕಾಣುವುದು ರಿವೆಟ್ಟಿನ ಸುತ್ತ ಒಂದಿಷ್ಟು ಬಿಳಿಯ ಪುಡಿ, ಅಥವಾ ಬಣ್ಣದ ಅಡಿಯಲ್ಲಿ ಎದ್ದ ಗುಳ್ಳೆ. ಒಳಗೆ ಲೋಹವು ಹಳೆಯ ಪುಸ್ತಕದ ಹಾಳೆಗಳಂತೆ ಪದರ ಪದರವಾಗಿ ಬಿಚ್ಚಿಕೊಂಡಿರುತ್ತದೆ.

ಈ ದೃಷ್ಟಿಯಿಂದ ಕಡಲತೀರದಷ್ಟು ಪ್ರತಿಕೂಲವಾದ ಸ್ಥಳ ಇನ್ನೊಂದಿಲ್ಲ. ಕಾರವಾರದಲ್ಲಿ ವರ್ಷಕ್ಕೆ ಮೂರು ಸಾವಿರ ಮಿಲಿಮೀಟರಿನ ಆಸುಪಾಸು ಮಳೆ. ಅದರ ಬಹುಭಾಗ ಜೂನಿನಿಂದ ಸೆಪ್ಟೆಂಬರಿನವರೆಗೆ. ಮಳೆ ಉಪ್ಪನ್ನು ತೊಳೆಯುತ್ತದೆಯೆಂಬುದು ಅದರ ಒಂದು ಉಪಕಾರ. ಮಳೆ ನಿಂತ ಮೇಲಿನ ಎಂಟು ತಿಂಗಳು ಕಡಲಗಾಳಿ ತಂದ ಉಪ್ಪು ಹಾಗೆಯೇ ಕೂರುತ್ತದೆ, ರಾತ್ರಿಯ ಇಬ್ಬನಿ ಅದನ್ನು ತೇವವಾಗಿಡುತ್ತದೆ. ಆದ್ದರಿಂದ ಕಡಲಂಚಿನ ವಿಮಾನಕ್ಕೆ ಬೇಸಿಗೆಯಲ್ಲಿ ಸಿಹಿನೀರಿನ ಸ್ನಾನ ಬೇಕು. ಮಳೆಗಾಲದಲ್ಲಿ ನೀರು ಒಳಗೆ ನಿಲ್ಲದಂತೆ ಒಡಲಿನ ಕೆಳಭಾಗದ ಸಣ್ಣ ರಂಧ್ರಗಳು ತೆರೆದಿರಬೇಕು. ತಯಾರಕರು ಈ ರಂಧ್ರಗಳನ್ನು ಇಟ್ಟಿರುವುದೇ ಅದಕ್ಕೆ. ಆದರೆ ಬಣ್ಣ ಬಳಿಯುವವರು ಅವನ್ನು ತೂತೆಂದು ಭಾವಿಸಿ ಮುಚ್ಚುವುದೂ, ಕಣಜದ ಹುಳು ಮಣ್ಣು ಮೆತ್ತುವುದೂ, ಹಕ್ಕಿಗಳು ಎಂಜಿನಿನ ಬಾಯಿಯಲ್ಲಿ ಗೂಡು ಕಟ್ಟುವುದೂ ಸಾಮಾನ್ಯ. ಹಿಕ್ಕೆಯ ಆಮ್ಲವು ಬಣ್ಣವನ್ನು ಮಾತ್ರವಲ್ಲ, ಲೋಹವನ್ನೂ ತಿನ್ನುತ್ತದೆ.

ಬಣ್ಣದ ವಿಷಯದಲ್ಲಿ ಇನ್ನೂ ಎಚ್ಚರ ಅಗತ್ಯ. ಉತ್ಸವದ ಮುನ್ನಾದಿನ ಹಳೆಯ ಬಣ್ಣದ ಮೇಲೆ ಮನೆಯ ಗೋಡೆಗೆ ಬಳಿಯುವ ಬಣ್ಣವನ್ನು ಎರಡು ಕೈ ಬಳಿದರೆ ಅಡಿಯಲ್ಲಿ ಆರಂಭವಾದ ಲೋಹಕ್ಷಯ ಮರೆಯಾಗಿ ಬೆಳೆಯುತ್ತದೆ. ಹಳೆಯ ಪದರವನ್ನು ತೆಗೆದು, ಲೋಹವನ್ನು ಶುಚಿ ಮಾಡಿ, ತಕ್ಕ ಪ್ರೈಮರ್ ಹಚ್ಚಿ, ಅನಂತರ ಬಿಸಿಲು ತಾಳುವ ಪಾಲಿಯುರಥೇನ್ ಬಣ್ಣ ಕೊಡುವುದು ಕ್ರಮ. ವಿಮಾನಗಳ ಹಳೆಯ ಪ್ರೈಮರುಗಳಲ್ಲಿ ಕ್ರೋಮೇಟ್ ಇರುವುದರಿಂದ ಕೆರೆದ ಪುಡಿ ಉಸಿರಿಗೆ ವಿಷ. ಮುಖಗವಸಿಲ್ಲದ ದಿನಗೂಲಿಯವರಿಂದ ಈ ಕೆಲಸ ಮಾಡಿಸಬಾರದು. ಹೊಸ ಬಣ್ಣ ಬಳಿಯುವ ಮುನ್ನ ಹಳೆಯ ಬಣ್ಣದ ವರ್ಣ, ಅಂಕಿ, ದಳದ ಲಾಂಛನ ಇವುಗಳ ಅಳತೆ ಮತ್ತು ಛಾಯಾಚಿತ್ರಗಳನ್ನು ತೆಗೆದಿಡಬೇಕು. ಒಮ್ಮೆ ಕೆರೆದು ಹೋದ ಅಂಕಿಯನ್ನು ನೆನಪಿನಿಂದ ಬರೆಯುವುದು ಇತಿಹಾಸದ ತಿದ್ದುಪಡಿಯಾದೀತು.

ವಿಮಾನದ ಭಾರ ಟಯರುಗಳ ಮೇಲೆ ಇರಬಾರದು. ನಿಂತಲ್ಲೇ ನಿಂತ ರಬ್ಬರು ಒಂದು ಕಡೆ ಚಪ್ಪಟೆಯಾಗಿ, ಬಿಸಿಲಿಗೆ ಬಿರಿದು, ಒಂದು ದಿನ ಇಡೀ ಯಂತ್ರವನ್ನು ವಾಲಿಸುತ್ತದೆ. ಉಕ್ಕಿನ ಆಧಾರಸ್ತಂಭಗಳ ಮೇಲೆ ಭಾರ ಇಳಿಸಿ, ಟಯರು ನೆಲ ಮುಟ್ಟಿದಂತೆ ತೋರಿಸುವುದು ರೂಢಿ. ಗಾಳಿಯ ವಿಷಯವೂ ಇದೆ. ರೆಕ್ಕೆಯ ಆಕಾರ ಇರುವುದೇ ಎತ್ತುವುದಕ್ಕೆ. ಬಿರುಗಾಳಿಗೆ ವಿಮಾನ ನಿವೃತ್ತವಾಗಿದೆಯೋ ಇಲ್ಲವೋ ತಿಳಿಯದು. ಸಣ್ಣ ವಿಮಾನಗಳನ್ನು ನೆಲಕ್ಕೆ ಬಿಗಿಯಲೇಬೇಕು.

ಬರಹದ ದಾಖಲೆ

ವಸ್ತು ಉಳಿದರೂ ಅದರ ಕಥೆ ಬದಲಾಗುವ ಅಪಾಯ ಬೇರೆ. ಕಾರವಾರದ ಚಪಲ್ ನೌಕೆ 1971ರ ಯುದ್ಧದಲ್ಲಿ ಭಾಗವಹಿಸಿತ್ತೆಂಬ ಮಾತು ಆಗಾಗ್ಗೆ ಕೇಳಿಬರುತ್ತದೆ, ಬರಹಗಳಲ್ಲಿಯೂ ಕಾಣುತ್ತದೆ. ಆ ನೌಕೆ ಸೇವೆಗೆ ಸೇರಿದ್ದೇ 1976ರಲ್ಲಿ, ನಿವೃತ್ತವಾದದ್ದು 2005ರಲ್ಲಿ. 1971ರಲ್ಲಿ ಕರಾಚಿಯ ಮೇಲೆ ಎರಗಿದವು ಅದೇ ಜಾತಿಯ ಹಿಂದಿನ ತಂಡದ ದೋಣಿಗಳು. ಕುಲದ ಕೀರ್ತಿ ವ್ಯಕ್ತಿಗೆ ಅಂಟಿಕೊಂಡಂತೆ ಇದು. ಟುಪೊಲೆವ್‌ಗೂ ಇಂತಹ ಸ್ಥಿತಿ ಬಾರದಂತೆ ಮಾಡಲು ಇರುವ ಮಾರ್ಗವೆಂದರೆ, ಎಂಟು ವಿಮಾನಗಳಲ್ಲಿ ನಿರ್ದಿಷ್ಟವಾಗಿ ಇದು ಯಾವುದು, ಎಷ್ಟು ಗಂಟೆ ಹಾರಿತು, ಎಲ್ಲೆಲ್ಲಿ ಹೋಯಿತು ಎಂಬ ಹಾರಾಟದ ಪುಸ್ತಕದ ಪ್ರತಿಯನ್ನು ಹಸ್ತಾಂತರದೊಡನೆಯೇ ಪಡೆಯುವುದು. ವೀಕ್ಷಣಾ ವಿಮಾನದ ವಿಷಯದಲ್ಲಿ ಇದಕ್ಕೆ ಹೆಚ್ಚಿನ ಮಹತ್ವವಿದೆ. ಯುದ್ಧವಿಮಾನದ ಸಾಧನೆ ಹೊಡೆದು ಉರುಳಿಸಿದ ಲೆಕ್ಕದಲ್ಲಿರುತ್ತದೆ. ವೀಕ್ಷಣಾ ವಿಮಾನದ್ದು ಕಂಡು ವರದಿ ಮಾಡಿದ ಸಾಲುಗಳಲ್ಲಿ ಮಾತ್ರ. ಗಂಟೆಗಟ್ಟಲೆ ಕಡಲಿನ ಮೇಲೆ ಕಿವಿಗೊಟ್ಟು ಕುಳಿತ ವೀಕ್ಷಕರು, ಅದನ್ನು ಸಜ್ಜುಗೊಳಿಸುತ್ತಿದ್ದ ತಂತ್ರಜ್ಞರು ಇನ್ನೂ ಬದುಕಿದ್ದಾರೆ. ಅವರ ಮಾತುಗಳನ್ನು ಧ್ವನಿಮುದ್ರಿಸುವ ಕೆಲಸಕ್ಕೆ ಲೋಹದ ಕೆಲಸಕ್ಕಿಂತ ಕಡಿಮೆ ಹಣ ಸಾಕು, ಆದರೆ ಕಡಿಮೆ ಸಮಯವಿದೆ.

ಒಪ್ಪಂದದ ಬಲಾಬಲ

ಜನಪ್ರಿಯತೆಯೇ ರಕ್ಷಣೆಯೆಂದು ತಿಳಿಯುವವರಿಗೆ ವಿಕ್ರಾಂತದ ಉದಾಹರಣೆ ಸಾಕು. ಭಾರತದ ಮೊದಲ ವಿಮಾನವಾಹಕ ನೌಕೆಯಾದ ಅದು 1997ರಲ್ಲಿ ನಿವೃತ್ತವಾಗಿ, 2001ರಿಂದ ಮುಂಬಯಿಯಲ್ಲಿ ಸಂಗ್ರಹಾಲಯವಾಗಿತ್ತು. ಸುರಕ್ಷತೆಯ ಕಾರಣದಿಂದ 2012ರಲ್ಲಿ ಮುಚ್ಚಿತು. 2014ರಲ್ಲಿ ಗುಜರಿಗೆ ಮಾರಾಟವಾಯಿತು. ಅದರ ಕೀರ್ತಿ, ಅದರ ಮೇಲೆ ನಾಡಿಗಿದ್ದ ಅಭಿಮಾನ, ನ್ಯಾಯಾಲಯದವರೆಗೆ ಹೋದ ವಾದ, ಯಾವುದೂ ಅದನ್ನು ಉಳಿಸಲಿಲ್ಲ. ಉಳಿಸಬೇಕಾದ ಹಣವನ್ನು ಯಾರು, ಎಷ್ಟು ಕಾಲ ಕೊಡಬೇಕೆಂಬ ಪ್ರಶ್ನೆಗೆ ಉತ್ತರ ದೊರೆಯದೇ ಹೋದದ್ದು ಮೂಲಕಾರಣ. 2017ರಲ್ಲಿ ನಿವೃತ್ತವಾದ ವಿರಾಟ್ ನೌಕೆಯ ಗತಿಯೂ ಅಲಂಗದ ಒಡೆಯುವ ಕಟ್ಟೆಯಲ್ಲಿ ಹಾಗೆಯೇ ಮುಗಿಯಿತು.

ಇದನ್ನು ಗಮನದಲ್ಲಿಟ್ಟು ನೋಡಿದರೆ, ಸೇನೆಯ ವಸ್ತುವನ್ನು ಪಡೆಯುವ ಸಂಸ್ಥೆಯು ಒಪ್ಪಂದದಲ್ಲಿ ಕೆಲವನ್ನು ಸ್ಪಷ್ಟವಾಗಿ ಬರೆಸಿಕೊಳ್ಳುವುದು ಅಗತ್ಯವೆನಿಸುತ್ತದೆ. ವಸ್ತುವಿನ ಒಡೆತನ ಯಾರದು. ಸ್ಥಳ ಬದಲಾದರೆ ಯಾರ ಅನುಮತಿ ಬೇಕು. ವರ್ಷಕ್ಕೊಮ್ಮೆ ತಪಾಸಣೆ ಮಾಡುವ ತಂತ್ರಜ್ಞರು ಎಲ್ಲಿಂದ ಬರಬೇಕು. ಪ್ರವೇಶಶುಲ್ಕದ ಹಣ ಯಾವ ಖಾತೆಗೆ ಹೋಗಬೇಕು. ಸಂಸ್ಥೆ ಕೈಚೆಲ್ಲಿದರೆ ವಸ್ತು ಎಲ್ಲಿಗೆ ಮರಳಬೇಕು. ಕೊನೆಯದನ್ನು ಬರೆಯಲು ಯಾರೂ ಇಷ್ಟಪಡುವುದಿಲ್ಲ. ಮದುವೆಯ ಪತ್ರಿಕೆಯಲ್ಲಿ ಅಪಶಕುನದ ಮಾತು ಏಕೆಂಬ ಸಂಕೋಚ. ವಿಕ್ರಾಂತದ ವಿಷಯದಲ್ಲಿ ಹದಿನೇಳು ವರ್ಷ ಉತ್ತರವಿಲ್ಲದೆ ಉಳಿದದ್ದು ಆ ಪ್ರಶ್ನೆಯೇ.

ನಂಜನಗೂಡು ಅಥವಾ ನರಸೀಪುರದಂತಹ ತಾಲ್ಲೂಕು ಕೇಂದ್ರವೊಂದು ಮುಂದೆ ಇಂತಹ ವಿಮಾನಕ್ಕೆ ಅರ್ಜಿ ಹಾಕಿದರೆ ಅದಕ್ಕೆ ಕೆಲವು ಅನುಕೂಲಗಳಿವೆ. ಕಡಲು ದೂರ, ಗಾಳಿಯಲ್ಲಿ ಉಪ್ಪಿಲ್ಲ, ಮಳೆಯು ಕಾರವಾರದ ಕಾಲು ಭಾಗದ ಆಸುಪಾಸು. ಇಲ್ಲಿ ಶತ್ರು ಬಿಸಿಲು. ಸ್ಥಳದ ಆಯ್ಕೆಯಲ್ಲಿ ಮಾತ್ರ ನದಿಯನ್ನು ಮರೆಯುವಂತಿಲ್ಲ. ಕಬಿನಿ ಜಲಾಶಯದಿಂದ ಹೆಚ್ಚು ನೀರು ಬಿಟ್ಟ ವರ್ಷಗಳಲ್ಲಿ ನಂಜನಗೂಡಿನ ಸ್ನಾನಘಟ್ಟ ಮುಳುಗುತ್ತದೆ. ನರಸೀಪುರದಲ್ಲಿ ಕಾವೇರಿ ಕಪಿಲೆಯರ ಸಂಗಮದ ದಂಡೆಗೆ ನೆರೆಯ ನೀರೂ, 1989ರಿಂದ ನಡೆದು ಬಂದ ಕುಂಭಮೇಳದ ಜನಸಾಗರವೂ ಬರುತ್ತವೆ. ನೋಟಕ್ಕೆ ಚೆಲುವಾದ ಹೊಳೆಯಂಚಿಗಿಂತ ಕಾಲೇಜಿನ ಎತ್ತರದ ಮೈದಾನವೇ ಮೇಲು. ಟುಪೊಲೆವ್‌ನಂತಹ ದೈತ್ಯವು ಅಲ್ಲಿಗೆ ಒಗ್ಗದು; ಒಂದು ತಗಡಿನ ಸೂರಿನ ಕೆಳಗೆ ಹಿಡಿಸುವ ಸಣ್ಣ ವಿಮಾನ ಸಾಕು. ಆ ಸೂರಿನ ಅಂದಾಜುಪಟ್ಟಿಯು ವಿಮಾನದ ಅರ್ಜಿಯ ಜೊತೆಗೇ ಲಗತ್ತಾಗಿರಬೇಕು. ವಿಮಾನ ಬಂದ ದಿನ ತೆರೆಯುವ ನಿರ್ವಹಣಾ ಪುಸ್ತಕದ ಮೊದಲ ಪುಟದಲ್ಲಿ ಅದರ ಕ್ರಮಸಂಖ್ಯೆ, ಹಾರಿದ ಒಟ್ಟು ಗಂಟೆ, ಕೊನೆಯ ಹಾರಾಟದ ದಿನಾಂಕ ಮತ್ತು ಅಂದು ಕಂಡ ಪ್ರತಿಯೊಂದು ಬಿಳಿಯ ಪುಡಿಯ ಗುರುತು, ಇಷ್ಟು ದಾಖಲಾಗಬೇಕು.